ತಿಳಿಗಣ್ಣಿಗೆ ಕಾಣದ ಮುಖ

ಸೂಜಿ ಚರ್ಮದೊಳಗೆ ಇಳಿದಾಗ ಆ ಯುವಕ ತನ್ನ ಓಣಿಯ ಕ್ರಿಕೆಟ್ ತಂಡದ ಬಗ್ಗೆ ಮಾತಾಡುತ್ತಿದ್ದ. ಆಳೆತ್ತರದ ಗಟ್ಟಿಮುಟ್ಟು ದೇಹ. ಹಿಂದೆಲ್ಲ ಇಂಥವರೇ ಸೂಜಿ ಕಂಡೊಡನೆ ಬಿಳಿಚಿಕೊಂಡು ಕುರ್ಚಿಯಿಂದ ಜಾರುತ್ತಿದ್ದರು. ಇವನ ಕಣ್ಣ ಮುಂದೆ ತೆಳುವಾದ ಕನ್ನಡಕವಿತ್ತು. ಅದರೊಳಗಿಂದ ನೋಡುವವನಿಗೆ ಸೂಜಿ ಸೂಜಿಯಾಗಿ ಕಾಣುವುದಿಲ್ಲ. ತೋಳಿನ ಮೇಲೆ ಒಂದು ತುಣುಕು ಬಿಸಿಲು ಬಿದ್ದ ಹಾಗಿರುತ್ತದೆ. ಕೊಳವೆಯಲ್ಲಿ ಏರುವ ರಕ್ತ ತಿಳಿಯಾದ ಬೂದುಬಣ್ಣದ ನೀರಿನಂತಿರುತ್ತದೆ. ಅವನಿಗೆ ಅದನ್ನು ನೋಡುವ ಕುತೂಹಲವೂ ಇರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಹುಲಿಗೆಮ್ಮ ಹತ್ತಿಯ ಉಂಡೆಯನ್ನು ಒತ್ತಿ, "ಸ್ವಲ್ಪ ಹೊತ್ತು ಹಿಂಗ ಹಿಡ್ಕೊಂಡ್ ಕೂಡ್ರಿ" ಎಂದಳು.

"ಆತ್ರಿ ಅಕ್ಕಾರ, ನೋವ ಆಗ್ಲಿಲ್ಲ ನೋಡ್ರಿ" ಎಂದ ಅವನು. ಹೇಳಿದ್ದು ಅವಳ ಕಿವಿಯ ಪಕ್ಕದಲ್ಲಿದ್ದ ಗೋಡೆಗೆ.

ಆ ಕನ್ನಡಕದ ಹೆಸರು ತಿಳಿಗಣ್ಣು. ಚೌಕಟ್ಟಿನ ಒಳಂಚಿನಲ್ಲಿ ಸಾಸಿವೆಗಿಂತ ಸಣ್ಣ ಕ್ಯಾಮೆರಾಗಳಿದ್ದವು. ಅವು ಹೊರಗಿನ ಜಗತ್ತನ್ನು ನೋಡುವುದಕ್ಕಿಂತ ಹೆಚ್ಚಾಗಿ ಧರಿಸಿದವನ ಕಣ್ಣನ್ನೇ ನೋಡುತ್ತಿದ್ದವು. ಭಯದ ವಿಷಯದಲ್ಲಿ ಮನುಷ್ಯನ ಕಣ್ಣು ಮನಸ್ಸಿಗಿಂತ ಮುಂದೆ ಓಡುತ್ತದೆ. ಹೂವಿನ ಚಿತ್ರಗಳ ರಾಶಿಯಲ್ಲಿ ಒಂದೇ ಒಂದು ಹಾವಿನ ಚಿತ್ರವಿದ್ದರೆ, ಅದು ಹಾವೆಂದು ತಿಳಿಯುವ ಮೊದಲೇ ನೋಟ ಅಲ್ಲಿಗೆ ಜಿಗಿದಿರುತ್ತದೆ. ಕಣ್ಣಿನ ಪಾಪೆ ಹಿಗ್ಗುತ್ತದೆ, ಚರ್ಮ ಸಣ್ಣಗೆ ಬೆವರುತ್ತದೆ, ನಾಡಿಬಡಿತ ತಪ್ಪುತ್ತದೆ. ಕಿವಿಯ ಹಿಂದೆ ಒತ್ತಿಕೊಂಡಿರುವ ಕನ್ನಡಕದ ಕಡ್ಡಿ ಆ ಬೆವರನ್ನೂ ಆ ನಾಡಿಯನ್ನೂ ಅಳೆಯುತ್ತಿತ್ತು. ಮೈ ಬೆಚ್ಚಲು ಅಣಿಯಾಯಿತೆಂದು ಗೊತ್ತಾದ ಕ್ಷಣದಲ್ಲೇ ಗಾಜು ಆ ದೃಶ್ಯದ ಅಂಚುಗಳನ್ನು ಕರಗಿಸಿ, ಬಣ್ಣ ತೆಗೆದು, ಪಕ್ಕದಲ್ಲಿರುವ ಬೇರಾವುದನ್ನೋ ಕೊಂಚ ಬೆಳಗಿಸುತ್ತಿತ್ತು. ಕಣ್ಣು ತಾನಾಗಿ ಅತ್ತ ಹೊರಳುತ್ತಿತ್ತು. ಮೈಮೇಲೆ ಬರುವ ಲಾರಿ, ದಾರಿಗಡ್ಡ ಬಂದ ಹಾವು, ಬೆಂಕಿ, ಇಂಥ ತಪ್ಪಿಸಿಕೊಳ್ಳಲೇಬೇಕಾದ ಅಪಾಯಗಳನ್ನು ಮಾತ್ರ ಅದು ದಪ್ಪ ಗೆರೆ ಎಳೆದು ತೋರಿಸಿ ಕಿವಿಯಲ್ಲಿ ಎಚ್ಚರಿಸುತ್ತಿತ್ತು. ಉಳಿದ ಭಯಗಳೆಲ್ಲ ಮಂಜಾಗುತ್ತಿದ್ದವು. ಧರಿಸಿದವನಿಗೆ ತಾನು ಏನನ್ನಾದರೂ ನೋಡದೆ ಬಿಟ್ಟೆ ಎಂಬುದೇ ತಿಳಿಯುತ್ತಿರಲಿಲ್ಲ.

ಕೊಪ್ಪಳದಂಥ ಊರಿಗೂ ಅದು ಬಂದು ಕೆಲವು ವರ್ಷಗಳಾಗಿದ್ದವು. ಶತಮಾನದ ನಡುಭಾಗ ದಾಟಿತ್ತು. ಚಪ್ಪಲಿ ಇಲ್ಲದೆ ಹೊರಗೆ ಹೋಗದ ಹಾಗೆ ಜನ ತಿಳಿಗಣ್ಣು ಇಲ್ಲದೆ ಹೊರಗೆ ಹೋಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅದನ್ನು ಹಾಕದಿದ್ದವಳು ಹುಲಿಗೆಮ್ಮ ಒಬ್ಬಳೇ. ಅವಳಿಗಿದ್ದುದು ಒಂದೇ ಕಣ್ಣು. ಕನ್ನಡಕದ ಕಡ್ಡಿ ಕೂರಲು ಬೇಕಾದ ಎಡಗಿವಿಯೂ ಅರ್ಧವೇ ಇತ್ತು.

ಚಿಕ್ಕವಳಿದ್ದಾಗ ಅವಳು ಚಿಕ್ಕವ್ವನ ಜೊತೆ ಊರ ಪಕ್ಕದ ಬಂಡೆಗುಡ್ಡಕ್ಕೆ ಸೀತಾಫಲ ಆರಿಸಲು ಹೋಗಿದ್ದಳು. ಹಣ್ಣಿಗೆ ಕರಡಿಯೂ ಬಂದಿತ್ತು. ಪೊದೆಯ ಆಚೆ ಅದು, ಈಚೆ ಇವಳು. ಇಬ್ಬರೂ ಒಮ್ಮೆಲೇ ತಲೆ ಎತ್ತಿದ್ದರು. ಕರಡಿ ಮುಖಕ್ಕೇ ಹೊಡೆಯುತ್ತದೆ. ಹುಬ್ಬಳ್ಳಿಯ ವೈದ್ಯರು ಹಲವು ಸಲ ಕೊಯ್ದು ಹೊಲಿದು ಜೀವ ಉಳಿಸಿದರು, ಉಸಿರಾಡಲು ಮೂಗಿನ ಹೊಳ್ಳೆ ಮಾಡಿಕೊಟ್ಟರು, ತೊಡೆಯ ಚರ್ಮ ತೆಗೆದು ಕೆನ್ನೆ ಮುಚ್ಚಿದರು. ಅದಕ್ಕಿಂತ ಹೆಚ್ಚು ಮಾಡಲು ಅವರಿಗಾಗಲಿಲ್ಲ. "ಹೆಸರು ಹುಲೀದು, ಹೊಡದದ್ದು ಕರಡಿ" ಎಂದು ಅವಳೇ ಹೇಳಿ ನಗುತ್ತಿದ್ದಳು. ಹಾಗೆ ನಗುವುದನ್ನು ಕಲಿಯಲು ಅವಳಿಗೆ ಬಹಳ ಕಾಲ ಹಿಡಿದಿತ್ತು.

ಜನರ ನೋಟವನ್ನು ಅವಳು ಚೆನ್ನಾಗಿ ಬಲ್ಲವಳಾಗಿದ್ದಳು. ಪರೀಕ್ಷೆಗೆ ರಕ್ತ ಕೊಡಲು ಬಂದವರು ಕುರ್ಚಿಯಲ್ಲಿ ಕೂತು ತಲೆ ಎತ್ತಿದಾಗ ಮೊದಲು ಒಂದು ನೋಟ ಬಂದು ಬಡಿಯುತ್ತಿತ್ತು. ಕಣ್ಣರಳಿ, ತುಟಿ ಬಿಗಿದು, ಉಸಿರು ನಿಂತ ನೋಟ. ಆಮೇಲೆ ಅದು ಜಾರಿ ನೆಲಕ್ಕೋ ಕಿಟಕಿಗೋ ಹೋಗುತ್ತಿತ್ತು. ಅವಳು ಅವಸರ ಮಾಡುತ್ತಿರಲಿಲ್ಲ. ತೋಳಿಗೆ ಕಟ್ಟುವ ರಬ್ಬರ್ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಯಾವ ಊರು, ಊಟ ಆತೇನು ಎಂದು ಕೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ನೋಟ ತಾನಾಗಿ ಮರಳಿ ಬರುತ್ತಿತ್ತು. ಹಾಗೆ ಮರಳಿ ಬಂದ ನೋಟ ಸಾದಾ ನೋಟವಾಗಿರುತ್ತಿತ್ತು. ಎಲ್ಲರದೂ ಬರುತ್ತಿರಲಿಲ್ಲ, ಆದರೆ ಬಹಳ ಜನರದು ಬರುತ್ತಿತ್ತು. ಆಮೇಲೆ ಅವರು ಅವಳ ಮುಖ ನೋಡಿಯೇ ಮಾತಾಡುತ್ತಿದ್ದರು.

ತಿಳಿಗಣ್ಣು ಬಂದ ಮೊದಮೊದಲ ತಿಂಗಳುಗಳು ಅವಳ ಬದುಕಿನಲ್ಲೇ ಅತ್ಯಂತ ಹಗುರವಾದವು. ಮಕ್ಕಳು ಅವಳನ್ನು ಕಂಡು ಅಳುವುದು ನಿಂತಿತು. ಸಂತೆಯಲ್ಲಿ ಯಾರೂ ಪಕ್ಕದವರ ಮೊಣಕೈ ತಿವಿಯುತ್ತಿರಲಿಲ್ಲ. ಬಸವೇಶ್ವರ ಸರ್ಕಲಿನ ತನಕ ಮುಖಕ್ಕೆ ಸೆರಗು ಎಳೆದುಕೊಳ್ಳದೆ ನಡೆದುಹೋದ ದಿನ, ಗಲ್ಲಕ್ಕೆ ತಾಕುವ ಗಾಳಿ ಹೀಗಿರುತ್ತದೆಯೇ ಎಂದು ಅವಳಿಗೆ ಆಶ್ಚರ್ಯವಾಗಿತ್ತು. ಇದನ್ನು ಕಂಡುಹಿಡಿದ ಪುಣ್ಯಾತ್ಮ ಚೆನ್ನಾಗಿರಲಿ ಎಂದು ಅಂದುಕೊಂಡಿದ್ದಳು.

ಬರಬರುತ್ತ ಅವಳಿಗೆ ಬೇರೆ ಏನೋ ಕಾಣತೊಡಗಿತು. ಬೆಚ್ಚುವವರು ಇಲ್ಲವಾದರು, ಅದರ ಜೊತೆಗೆ ಮರಳಿ ನೋಡುವವರೂ ಇಲ್ಲವಾದರು. ಕಿರಾಣಿ ಅಂಗಡಿಯಲ್ಲಿ ಅವಳು ಮುಂದೆ ನಿಂತಿದ್ದರೂ ಹಿಂದಿನವರ ಪಾಳಿ ಮೊದಲು ಬರುತ್ತಿತ್ತು. ಯಾರೂ ಡಿಕ್ಕಿ ಹೊಡೆಯುತ್ತಿರಲಿಲ್ಲ. ಕಂಬವನ್ನು ಬಳಸಿ ಹೋಗುವ ಹಾಗೆ ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು. ಬಾಯಿಬಿಟ್ಟು ಕೇಳಿದರೆ ಉತ್ತರ ಕೊಡುತ್ತಿದ್ದರು, ಆದರೆ ಆ ಉತ್ತರ ಅವಳಿಂದ ಒಂದು ಮೊಳ ಆಚೆಗೆ ಹೋಗಿ ಬೀಳುತ್ತಿತ್ತು.

ಆದರೂ ಅವಳಿಗೆ ಶಮೀಮ್ ಇದ್ದಳು. ಶಮೀಮ್ ಸುಟ್ಟಗಾಯದ ವಾರ್ಡಿನ ನರ್ಸು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಮಧ್ಯಾಹ್ನ ಹಿಂಬದಿಯ ಜಗಲಿಯಲ್ಲಿ ಎದುರುಬದುರು ಕೂತು, ಡಬ್ಬಿ ಬಿಚ್ಚಿ, ರೊಟ್ಟಿ ಪಲ್ಯ ಹಂಚಿಕೊಂಡು ಉಣ್ಣುವುದು ಹಳೆಯ ರೂಢಿ. ಶಮೀಮಳೂ ತಿಳಿಗಣ್ಣು ಹಾಕುತ್ತಿದ್ದಳು. ವಾರ್ಡಿನವರಿಗಾಗಿ ಮಾಡಿದ ಕನ್ನಡಕ ಅದು. ಗಾಯದ ಅಳತೆ ಆಳಗಳನ್ನು ರೇಖೆಯಲ್ಲಿ ಬರೆದ ಹಾಗೆ ತೋರಿಸಿ ಬೆಂದ ಮಾಂಸವನ್ನು ಮರೆಮಾಡುತ್ತಿತ್ತು. ಅದು ಬರುವ ಮೊದಲು ಶಮೀಮಳ ಕೈ ನಡುಗುತ್ತಿದ್ದುದನ್ನು, ಮಾಂಸದ ಸಾರಿನ ವಾಸನೆಗೆ ಅವಳು ಎದ್ದು ಹೋಗುತ್ತಿದ್ದುದನ್ನು ಹುಲಿಗೆಮ್ಮ ಕಂಡಿದ್ದಳು. ಈಗ ಅವಳಿಗೆ ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಹುಲಿಗೆಮ್ಮಳ ಮುಖ ಮಾತ್ರ ಆ ಕನ್ನಡಕದಲ್ಲೂ ಮಸುಕಾಗಿರಲಿಲ್ಲ. ತಿಳಿಗಣ್ಣು ಕಲಿಯುತ್ತಿದ್ದುದು ಧರಿಸಿದವರ ಮೈಯಿಂದ. ಶಮೀಮಳ ಮೈ ಆ ಮುಖಕ್ಕೆ ಬೆಚ್ಚುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

ಆಮೇಲೆ ತಿಳಿಗಣ್ಣು ತಯಾರಿಸುವ ಕಂಪನಿ ಹೊಸದೊಂದು ಏರ್ಪಾಡು ತಂದಿತು. ಅದಕ್ಕೆ ಸಾಮೂಹಿಕ ಕಲಿಕೆ ಎಂದು ಹೆಸರು. ಒಂದು ಊರಿನ ಎಲ್ಲ ತಿಳಿಗಣ್ಣುಗಳೂ ತಾವು ಕಲಿತದ್ದನ್ನು ಒಂದಕ್ಕೊಂದು ಹೇಳಿಕೊಳ್ಳತೊಡಗಿದವು. ಒಬ್ಬನು ಬೆಚ್ಚಿದರೆ ಸಾಕು, ಉಳಿದವರು ಬೆಚ್ಚಬೇಕಾಗಿಲ್ಲ ಎಂದು ಜಾಹೀರಾತು ಹೇಳುತ್ತಿತ್ತು. ಅದು ರಾತ್ರೋರಾತ್ರಿ ತಾನಾಗಿ ಎಲ್ಲರ ಕನ್ನಡಕದೊಳಗೆ ಸೇರಿಕೊಂಡಿತು. ಯಾರಿಗೂ ಏನೂ ಬದಲಾದ ಹಾಗೆ ಅನ್ನಿಸಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಹುಲಿಗೆಮ್ಮ ಜಗಲಿಗೆ ಬಂದಾಗ ಶಮೀಮ್ ಆಗಲೇ ಕೂತಿದ್ದಳು. ಬೆಳಗಿನಿಂದ ಜನ ಜಾಸ್ತಿಯಾಗಿ ಹುಲಿಗೆಮ್ಮಳಿಗೆ ಮಾತಾಡಲೂ ದಣಿವಾಗಿತ್ತು. ಸುಮ್ಮನೆ ಬಂದು ಎದುರಿಗೆ ಕೂತು ಡಬ್ಬಿ ಬಿಚ್ಚಿದಳು. ಶಮೀಮ್ ಅತ್ತ ಇತ್ತ ನೋಡಿದಳು. ಗೇಟಿನ ಕಡೆ ನೋಡಿದಳು. ಒಂದು ತುತ್ತು ತಿಂದು ಮತ್ತೆ ಬಾಗಿಲ ಕಡೆ ನೋಡಿದಳು. ಕೊನೆಗೆ ಫೋನು ತೆಗೆದು ಕಿವಿಗಿಟ್ಟುಕೊಂಡಳು.

ಹುಲಿಗೆಮ್ಮಳ ಮಡಿಲಲ್ಲಿ ಫೋನು ಅಲುಗಿತು. ಎತ್ತಿಕೊಂಡಳು.

"ಎಲ್ಲಿದ್ದಿಯೇ ಹುಲಿಗಿ? ರೊಟ್ಟಿ ಬಿರುಸಾಗಾಕತ್ತಾವು. ನಾ ಒಬ್ಬಾಕಿನ ಕುಂತೀನಿ ಇಲ್ಲಿ."

ಮಾತು ಎದುರಿನಿಂದಲೂ ಫೋನಿನಿಂದಲೂ ಒಟ್ಟಿಗೇ ಕೇಳಿಸಿತು. ಹುಲಿಗೆಮ್ಮ ಡಬ್ಬಿಯನ್ನು ಬದಿಗಿಟ್ಟಳು. ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಕಂಬದ ಮರೆಯಿಂದ, "ಬಂದೆ ಬಂದೆ, ಈಗ ಬಂದೆ" ಎನ್ನುತ್ತ ಕಾಲಸಪ್ಪಳ ಮಾಡಿಕೊಂಡು ಮತ್ತೆ ಬಂದು ಕೂತಳು. ಧ್ವನಿ ಕೇಳಿ ಶಮೀಮ್ ನಕ್ಕಳು. ಪಲ್ಯವನ್ನು ಅವಳ ಕಡೆ ಸರಿಸಿದಳು. ಮಾತೆಲ್ಲ ಎಂದಿನಂತೆಯೇ ಆಡಿದಳು. ಅವಳ ಕಣ್ಣುಗಳು ಮಾತ್ರ ಊಟ ಮುಗಿಯುವವರೆಗೂ ಡಬ್ಬಿಯ ಮೇಲೆ, ಕೈಯ ಮೇಲೆ, ಅಂಗಳದ ಬೆಕ್ಕಿನ ಮೇಲೆ ಓಡಾಡುತ್ತಿದ್ದವು.

ಊಟವಾದ ಮೇಲೆ ಶಮೀಮ್ ಕನ್ನಡಕ ತೆಗೆದು ನಳದ ಮೇಲಿನ ಕಟ್ಟೆಯಲ್ಲಿಟ್ಟು, ಕಣ್ಣು ಮುಚ್ಚಿ ಮುಖಕ್ಕೆ ಸಾಬೂನು ಹಚ್ಚಿದಳು. ಹುಲಿಗೆಮ್ಮ ಆ ಕನ್ನಡಕವನ್ನು ಎತ್ತಿ, ಎಡಗಡೆಯ ಕಡ್ಡಿಯನ್ನು ಕೈಯಿಂದ ಒತ್ತಿ ಹಿಡಿದು, ಅಲ್ಲಿದ್ದ ಕನ್ನಡಿಯಲ್ಲಿ ನೋಡಿಕೊಂಡಳು. ಹಿಂದಿನ ಬಿಳಿ ಹೆಂಚುಗಳು ಸ್ಪಷ್ಟವಾಗಿದ್ದವು. ತನ್ನ ಕೋಟು, ಅದರ ಗುಂಡಿ, ಕೊರಳಿನ ಮಣಿಸರ ಕಂಡವು. ಅದರ ಮೇಲ್ಗಡೆ, ಮುಖ ಇರಬೇಕಾದಲ್ಲಿ, ಮುಂಜಾನೆಯ ಕಿಟಕಿಯ ಹಾಗೆ ಹಿತವಾದ ಒಂದು ಬೆಳಕು ಇತ್ತು, ಅಷ್ಟೆ. ಅಲ್ಲಿಯೇ ನೋಡಬೇಕೆಂದು ಹಟ ಹಿಡಿದರೂ ಕಣ್ಣು ಜಾರಿ ಜಾರಿ ಹೊಳೆಯುವ ನಳದ ಕಡೆಗೇ ಹೋಗುತ್ತಿತ್ತು. ಮುಖ ಸಿಗದ ಕಣ್ಣಿಗೆ ಆ ಕೋಟೂ ಗೂಟಕ್ಕೆ ತೂಗುಹಾಕಿದ ಬಟ್ಟೆಯಷ್ಟೇ ಆಗಿತ್ತು. ಹೆದರಿಕೆಯೇನೂ ಆಗಲಿಲ್ಲ. ಮನಸ್ಸಿಗೆ ಸಮಾಧಾನವೇ ಅನ್ನಿಸಿತು. ಆ ಸಮಾಧಾನವೇ ಅವಳನ್ನು ಹೆದರಿಸಿತು.

ಕನ್ನಡಕವನ್ನು ಇದ್ದಲ್ಲೇ ಇಟ್ಟಳು. ಶಮೀಮಳಿಗೆ ಏನೂ ಹೇಳಲಿಲ್ಲ. ಹೇಳಿದರೆ ಅವಳು ಕನ್ನಡಕ ಬಿಸಾಡುತ್ತಾಳೆ, ಮತ್ತೆ ಕೈ ನಡುಗುತ್ತದೆ ಎಂದು ಅನ್ನಿಸಿತು. ಹೇಳಿದರೂ ಬಿಸಾಡದಿದ್ದರೆ ಎಂಬ ಅನುಮಾನವೂ ಒಳಗೆಲ್ಲೋ ಇತ್ತು.

ಕಂಪನಿಗೆ ದೂರು ಕೊಟ್ಟಳು. ನಿಮ್ಮ ಚಿತ್ರ ಕಳಿಸಿ ಎಂದರು. ಕಳಿಸಿದಳು. ನೀವು ಕಳಿಸಿದ ಚಿತ್ರದಲ್ಲಿ ಯಾರೂ ಕಾಣುತ್ತಿಲ್ಲ, ದಯವಿಟ್ಟು ಇನ್ನೊಮ್ಮೆ ಕಳಿಸಿ ಎಂದು ಉತ್ತರ ಬಂತು. ಅದನ್ನು ನೋಡಿದವರ ಕಣ್ಣ ಮೇಲೂ ತಿಳಿಗಣ್ಣೇ ಇತ್ತು.

ತಿಳಿಗಣ್ಣನ್ನು ಕಂಡುಹಿಡಿದ ಡಾಕ್ಟರ್ ಶ್ರೀಶೈಲ ಕಟಗೇರಿ ಧಾರವಾಡದಲ್ಲಿ, ಕೆಲಗೇರಿ ಕೆರೆಯ ಕಡೆ ಇದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಒಂದು ರಜಾದಿನ ಹುಲಿಗೆಮ್ಮ ರೈಲು ಹತ್ತಿದಳು. ಗದಗ ದಾಟುವವರೆಗೆ ಅವಳ ಸೀಟಿನ ಮೇಲೆ ಕೂರಲು ಬಂದವರು ಮೂವರು. ಮೂವರಿಗೂ "ನಾ ಅದೀನ್ರಿ ಇಲ್ಲಿ" ಎಂದು ಹೇಳಬೇಕಾಯಿತು.

ಬಾಗಿಲು ತೆರೆದವರು ಕಟಗೇರಿಯವರೇ. ಎಪ್ಪತ್ತು ದಾಟಿದ, ತೆಳ್ಳಗಿನ, ಬಿಳಿ ಜುಬ್ಬಾದ ಮನುಷ್ಯ. ಕನ್ನಡಕದ ಹಿಂದಿನ ಕಣ್ಣುಗಳು ಅವಳನ್ನು ದಾಟಿ ಮೆಟ್ಟಿಲ ಪಕ್ಕದ ದಾಸವಾಳದ ಕುಂಡದ ಮೇಲೆ ನಿಂತವು.

"ಯಾರ್ರೀ ಅದು?"

"ನಾನು ಹುಲಿಗೆಮ್ಮ ಅಂತ್ರಿ, ಕೊಪ್ಪಳದಿಂದ ಬಂದೀನಿ. ನಿಮ್ಮ ಎದರಿಗೇ ನಿಂತೀನ್ರಿ. ಒಂದು ಸ್ವಲ್ಪ ಚಶ್ಮಾ ತಗೀರಿ."

ಅವರು ತಡಮಾಡಿದರು. ಕೈ ಕನ್ನಡಕದ ತನಕ ಹೋಗಿ ನಿಂತಿತು. ಆಮೇಲೆ ತೆಗೆದರು. ತೆಗೆದವರೇ ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮುಖ ಬಿಳಿಚಿತು, ಹಣೆಯಲ್ಲಿ ಬೆವರು ಮೂಡಿತು. ಅಷ್ಟು ಜೋರಾಗಿ ಬೆಚ್ಚಿದವರನ್ನು ಹುಲಿಗೆಮ್ಮ ಎಂದೂ ಕಂಡಿರಲಿಲ್ಲ. ಬಿದ್ದಾರೆಂದು ತೋಳು ಹಿಡಿದು, ಒಳಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದಳು. ಅಭ್ಯಾಸಬಲದಿಂದ ನಾಡಿಯನ್ನೂ ಹಿಡಿದು ನೋಡಿದಳು.

"ಕ್ಷಮಿಸ್ರಿ" ಎಂದರು ಅವರು, ನೆಲ ನೋಡುತ್ತ. "ಈ ಕನ್ನಡಕಾ ಮೊದಲು ಹಾಕ್ಕೊಂಡಾವ ನಾನು. ಅವತ್ತಿಂದ ಇವತ್ತಿನ ತನಕ ನನ್ನ ಮೈ ಒಮ್ಮೆನೂ ಬೆಚ್ಚಿಲ್ಲ. ಬೆಚ್ಚಿ ಸುಧಾರಿಸ್ಕೊಳ್ಳೋದನ್ನ ಅದು ಮರತಂಗ ಕಾಣತದ."

"ಇರ್ಲಿ ಬಿಡ್ರಿ. ಇನ್ನೊಂದ್ಸಲ ನೋಡ್ರಿ."

"ನೋಡ್ತೀನಿ." ಅವರು ಎದ್ದು ಕಪಾಟಿನಿಂದ ಒಂದು ಹಳೆಯ ಯಂತ್ರ ತೆಗೆದರು. ಬೆರಳಿಗೆ ಎರಡು ಪಟ್ಟಿ ಸುತ್ತಿಕೊಂಡಾಗ ಅದರ ಪರದೆಯಲ್ಲಿ ಎರಡು ಗೆರೆ ಓಡತೊಡಗಿದವು. ಒಂದು ಚರ್ಮದ ಬೆವರಿನದು, ಇನ್ನೊಂದು ನಾಡಿಯದು. "ನನ್ನ ಮುಖಾ ನೋಡಿ ನಿಮಗ ನೋವಾಗೋದು ಬ್ಯಾಡ, ಈ ಗೆರಿ ನೋಡ್ರಿ. ನಾ ನಿಮ್ಮನ್ನ ನೋಡ್ತೀನಿ."

ಅವರು ತಲೆ ಎತ್ತಿದರು. ಬೆವರಿನ ಗೆರೆ ಗುಡ್ಡದಂತೆ ಎದ್ದಿತು. ನಾಡಿಯ ಗೆರೆಯಲ್ಲಿ ಬಡಿತಗಳು ಒಂದಕ್ಕೊಂದು ದೂರವಾದವು.

"ಹೆದರಿದ್ರ ಎದಿ ಜೋರ ಬಡಕೋತೈತಿ ಅಂತಾರಲ್ರಿ" ಎಂದಳು ಹುಲಿಗೆಮ್ಮ.

"ಓಡಾಕ ನಿಂತಾಗ ಬಡಕೋತೈತಿ. ಬರೇ ನೋಡಿದಾಗ ಮೊದಲು ನಿಧಾನ ಆಗ್ತೈತಿ. ಮೊಲ ಸಪ್ಪಳ ಕೇಳಿ ನಿಂತಲ್ಲೇ ನಿಲ್ಲೂದಿಲ್ಲೇನು, ಹಂಗ. ಇದೇನು ಅಂತ ಮೈ ಕೇಳ್ತಿರತೈತಿ. ಉತ್ತರ ಸಿಕ್ಕ ಮ್ಯಾಲೆ..."

ಅವರು ಮಾತು ನಿಲ್ಲಿಸಿದರು. ಗೆರೆ ಇಳಿಯುತ್ತಿತ್ತು. ಎರಡನೆಯ ಸಲ ಕಣ್ಣು ಮುಚ್ಚಿ ತೆರೆದಾಗ ಅದು ಎದ್ದದ್ದು ಮೊದಲಿನ ಅರ್ಧ. ಆಮೇಲೆ ಅದಕ್ಕೂ ಕಡಿಮೆ. ಕೊನೆಗೆ ಗೆರೆ ನೆಟ್ಟಗೆ ಓಡತೊಡಗಿತು. ತನಗೆ ಹಳೆಯ ಪರಿಚಯವಾದ ಆ ಮರಳಿ ಬರುವ ನೋಟ ಹೀಗೆ ಗೆರೆಯಾಗಿ ಕಾಣುವುದನ್ನು ಹುಲಿಗೆಮ್ಮ ಮೊದಲ ಬಾರಿಗೆ ನೋಡುತ್ತಿದ್ದಳು. ಕತ್ತೆತ್ತಿದಾಗ ಮುದುಕ ಅವಳ ಮುಖವನ್ನೇ ನೋಡುತ್ತಿದ್ದರು.

"ಇಷ್ಟ ಹೊತ್ತು ಸಾಕಿತ್ತಲ್ರಿ" ಎಂದಳು.

"ಇಷ್ಟೇ ಹೊತ್ತು. ಒಂದು ಕಪ್ಪು ಚಹಾ ಆರೂದಕ್ಕಿಂತ ಕಡಿಮಿ. ನನಗಿದು ಗೊತ್ತಿರಲಿಲ್ಲ ಅಂತ ತಿಳೀಬ್ಯಾಡ್ರಿ. ಬೆಚ್ಚೂದು ಹೆಂಗ, ಅದು ಇಳಿಯೂದು ಹೆಂಗ, ಎರಡನ್ನೂ ಅಭ್ಯಾಸ ಮಾಡಿದಾವ ನಾನು. ಕನ್ನಡಕಾ ಮಾಡುವಾಗ ಮೊದಲಿನ ಅರ್ಧಾ ಅಷ್ಟೇ ಇಟ್ಕೊಂಡೆ."

"ಯಾಕ್ರಿ ಹಂಗ ಮಾಡಿದ್ರಿ?"

ಕಟಗೇರಿ ತಮ್ಮನ ಕತೆ ಹೇಳಿದರು. ತಮ್ಮನದು ಒಂದು ವಿಚಿತ್ರ ನೌಕರಿಯಾಗಿತ್ತು. ಜನರು ಅಂತರ್ಜಾಲಕ್ಕೆ ಹಾಕುವ ಚಿತ್ರಗಳಲ್ಲಿ ಕೊಲೆ, ಹಿಂಸೆಗಳನ್ನು ಗುರುತಿಸಿ ತೆಗೆದುಹಾಕುವ ಕೆಲಸ. ದಿನವಿಡೀ ಅದನ್ನೇ ನೋಡಿ ಮನೆಗೆ ಬಂದವನು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಅನ್ನ ಬಿಟ್ಟ. ಮಗು ಎದುರಿಗೆ ಬಂದರೆ ನಡುಗುತ್ತಿದ್ದ. "ಅವನಿಗೆ ಒಂದು ಚಿತ್ರಕ್ಕ ಮೈ ಒಗ್ಗೂದ್ರೊಳಗ ಇನ್ನೊಂದು ಬರ್ತಿತ್ತು. ಚೇತರಿಸ್ಕೊಳ್ಳಾಕ ಬಿಡುವ ಇರ್ತಿರಲಿಲ್ಲ. ಅವನಿಗಂತ ಮಾಡಿದೆ. ಕನ್ನಡಕಾ ಹಾಕ್ಕೊಂಡ ವಾರದಾಗ ಅವ ಕೂತು ಊಟಾ ಮಾಡಿದ. ಅದನ್ನ ನೋಡಿದ ಮ್ಯಾಲೆ ಇದು ತಪ್ಪು ಅಂತ ನನಗ ಹೆಂಗ ಅನ್ನಿಸ್ಬೇಕು, ಹೇಳ್ರಿ."

ಹುಲಿಗೆಮ್ಮ ಶಮೀಮಳ ಕೈಗಳನ್ನು ನೆನೆದಳು. "ತಪ್ಪು ಅನ್ನಾಕ ಬಂದಿಲ್ರಿ ನಾನು. ನನ್ನ ಗೆಳತಿ ಫೋನ್ ಮಾಡಿ ಎಲ್ಲಿದ್ದಿ ಅಂತ ಕೇಳಿದ್ಳು. ಅಕೀ ಎದರಿಗೇ ಕುಂತಿದ್ದೆ. ಅದನ್ನ ಯಾರಿಗರ ಹೇಳ್ಬೇಕಾಗಿತ್ತು."

ಮುದುಕರು ಬೆರಳಿನ ಪಟ್ಟಿಗಳನ್ನು ಬಿಚ್ಚಿಟ್ಟರು. ಆಮೇಲೆ ಅಡಿಗೆಮನೆಗೆ ಹೋಗಿ ತಾವೇ ಚಹಾ ಮಾಡಿ ತಂದರು. ಕೊಡುವಾಗ ಅವಳ ಮುಖ ನೋಡಿಯೇ ಕೊಟ್ಟರು.

"ಒಂದು ಮಾತು ಕೇಳ್ಲೇನ್ರಿ?" ಎಂದಳು ಹುಲಿಗೆಮ್ಮ. "ಯಾವ ಮುಖಾ ಮಸುಕ ಮಾಡ್ಬೇಕು, ಯಾವುದು ಬ್ಯಾಡ ಅಂತ ಆ ಗಾಜಿಗೆ ಮೊದಲ ಕಲಿಸಿದವರು ಯಾರು?"

"ನಿಮ್ಮ ನನ್ನ ಹರೇದ ಕಾಲದ ಮಂದಿ" ಎಂದರು ಕಟಗೇರಿ. "ಇಪ್ಪತ್ತರ, ಮೂವತ್ತರ ದಶಕದಾಗ ಎಲ್ಲಾರ ಕೈಯಾಗೂ ಮೊಬೈಲ್ ಇರ್ತಿತ್ತಲ್ಲ. ಪರದಿ ಮ್ಯಾಲೆ ಯುದ್ಧದಾಗ ಮನಿ ಕಳಕೊಂಡ ಕೂಸು ಬರ್ತಿತ್ತು, ಪ್ರವಾಹದಾಗ ಕೂಗೋ ಮುದುಕಿ ಬರ್ತಿದ್ಳು, ಸುಟ್ಟ ಮುಖಾ ಬರ್ತಿತ್ತು. ಕಣ್ಣು ಒಂದು ಗಳಿಗಿ ಅಲ್ಲೇ ಅಂಟ್ಕೋತಿತ್ತು. ಆಮ್ಯಾಲೆ ಹೆಬ್ಬೆರಳು ಅದನ್ನ ಮ್ಯಾಲಕ್ಕ ತಳ್ಳತಿತ್ತು. ಯಾವ ಚಿತ್ರಕ್ಕ ಕಣ್ಣು ಎಷ್ಟು ಹೊತ್ತು ನಿಂತಿತು, ಬೆರಳು ಯಾವಾಗ ತಳ್ಳಿತು, ಎಲ್ಲಾ ದಾಖಲಾಗಿ ನಮಗ ಸಿಕ್ಕಿತ್ತು. ಗಾಜಿಗೆ ನಾ ಅದನ್ನ ಹೇಳಿಕೊಟ್ಟೆ. ಬೆರಳು ಮಾಡೋ ಕೆಲಸಾ ಗಾಜು ಮಾಡಾಕ ಹತ್ತಿತು. ಹೊಸಾದು ಏನೂ ಕಲಿಸಲಿಲ್ಲ ನಾನು."

ಹುಲಿಗೆಮ್ಮ ಚಹಾ ಕುಡಿದು ಎದ್ದಳು. ಕಂಪನಿಗೆ ಮಾತಾಡುತ್ತೇನೆ, ಆದರೆ ನನ್ನ ಮಾತು ಅಲ್ಲಿ ಎಷ್ಟು ನಡೆಯುತ್ತದೋ ತಿಳಿಯದು ಎಂದು ಕಟಗೇರಿ ಹೇಳಿದರು. ಅವಳನ್ನು ಬೀದಿಯ ತಿರುವಿನ ತನಕ ಬಂದು ಕಳಿಸಿದರು. ಕನ್ನಡಕ ಮನೆಯಲ್ಲೇ ಉಳಿದಿತ್ತು. ರಸ್ತೆಯಲ್ಲಿ ಒಂದು ಬೈಕು ಸದ್ದು ಮಾಡಿಕೊಂಡು ಹೋದದ್ದಕ್ಕೇ ಅವರು ಬೆಚ್ಚಿ ಅವಳ ತೋಳು ಹಿಡಿದರು.

ಅವರು ಸುಮ್ಮನೆ ಕೂರಲಿಲ್ಲ. ಲೇಖನ ಬರೆದರು, ಸಭೆಗಳಲ್ಲಿ ಮಾತಾಡಿದರು. ತಿಂಗಳುಗಳು ಕಳೆದ ಮೇಲೆ ಕಂಪನಿ ತಿಳಿಗಣ್ಣಿನಲ್ಲಿ ಒಂದು ಆಯ್ಕೆ ಸೇರಿಸಿತು: ಬದುಕಿರುವ ಮನುಷ್ಯರ ಮುಖಗಳನ್ನು ಮಸುಕು ಮಾಡಬೇಡ ಎನ್ನುವ ಆಯ್ಕೆ. ಬೇಕಾದವರು ಅದನ್ನು ತಾವಾಗಿ ಆರಿಸಿಕೊಳ್ಳಬೇಕಿತ್ತು. ಆರಿಸಿಕೊಂಡವರು ತೀರ ಕಡಿಮೆ. ತಮಗೆ ಕಾಣದೆ ಇರುವುದು ಏನೆಂದು ಗೊತ್ತಿಲ್ಲದವರು ಅದನ್ನು ಕಾಣಬೇಕೆಂದು ಯಾಕೆ ಬಯಸುತ್ತಾರೆ?

ಧಾರವಾಡದಿಂದ ಬಂದ ಮೇಲೂ ಹುಲಿಗೆಮ್ಮ ಶಮೀಮಳಿಗೆ ವಿಷಯ ಹೇಳದೆ ದಿನ ನೂಕಿದ್ದಳು. ದಿನಾ ಜಗಲಿಗೆ ಬರುವಾಗ ದೂರದಿಂದಲೇ ಕೆಮ್ಮಿ ಬರುವುದನ್ನು ರೂಢಿ ಮಾಡಿಕೊಂಡಿದ್ದಳು. ಆ ಆಯ್ಕೆಯ ಸುದ್ದಿ ಬಂದ ದಿನ ತಾನೇ ಬಾಯಿಬಿಟ್ಟಳು. ಶಮೀಮ್ ಮೊದಲು ನಂಬಲಿಲ್ಲ. "ನಿನ್ನ ದಿನಾ ನೋಡ್ತೀನಲ್ಲೇ ನಾನು" ಎಂದಳು.

"ಹಂಗಾದ್ರ ನಾ ಈಗ ಹಣಿಗೆ ಏನ್ ಹಚ್ಚೀನಿ ಹೇಳು."

ಶಮೀಮ್ ಅವಳ ಕಡೆ ತಿರುಗಿದಳು. ಕಣ್ಣು ಜಾರಿತು. ಮತ್ತೆ ತಿರುಗಿದಳು, ಮತ್ತೆ ಜಾರಿತು. ಕೈಯಲ್ಲಿದ್ದ ತುತ್ತು ಡಬ್ಬಿಗೆ ಮರಳಿತು. ನಿಧಾನವಾಗಿ ಕನ್ನಡಕ ತೆಗೆದಳು.

ಅವಳು ಬೆಚ್ಚಿದಳು. ಇಷ್ಟು ವರ್ಷ ಒಂದೇ ರೊಟ್ಟಿ ಮುರಿದು ತಿಂದವಳ ಕಣ್ಣರಳಿ, ಉಸಿರು ನಿಂತದ್ದನ್ನು ಹುಲಿಗೆಮ್ಮ ನೋಡಿದಳು. ಅಷ್ಟು ನೋವು ಅವಳಿಗೆ ಅಪರಿಚಿತರಿಂದ ಎಂದೂ ಆಗಿರಲಿಲ್ಲ. ಆದರೂ ಮುಖ ತಿರುಗಿಸದೆ, ಸೆರಗು ಎಳೆದುಕೊಳ್ಳದೆ ಕೂತಿದ್ದಳು. ಶಮೀಮಳ ನೋಟ ನೆಲಕ್ಕೆ ಹೋಯಿತು, ಅಲ್ಲಿಂದ ಮೆಲ್ಲಗೆ ಮೇಲೆ ಬಂತು. ಕಣ್ಣಲ್ಲಿ ನೀರಿತ್ತು. ಬಹಳ ಹೊತ್ತು ನೋಡಿ, ಕೈ ಚಾಚಿ ಅವಳ ಕಿವಿಯ ಬಳಿಯ ಕೂದಲು ಸರಿಸಿದಳು.

"ನಿನ್ನ ಕೂದ್ಲು ಬೆಳ್ಳಗಾಗ್ಯಾವಲ್ಲೇ ಹುಲಿಗಿ" ಎಂದಳು. "ಯಾವಾಗ ಆದ್ವು?"

ಅಂದಿನಿಂದ ಊಟದ ಹೊತ್ತಿಗೆ ಶಮೀಮ್ ಕನ್ನಡಕ ತೆಗೆದಿಡುತ್ತಿದ್ದಳು. ಊಟ ಮುಗಿದು ಕೈ ತೊಳೆದ ಮೇಲೆ ಮತ್ತೆ ಹಾಕಿಕೊಂಡು ವಾರ್ಡಿಗೆ ಹೋಗುತ್ತಿದ್ದಳು. ಆ ಆಯ್ಕೆಯನ್ನು ಅವಳು ಆರಿಸಿಕೊಳ್ಳಲಿಲ್ಲ. ಸುಟ್ಟಗಾಯದ ವಾರ್ಡಿನಲ್ಲಿ ಮುಖಗಳೇ ಇರುತ್ತವೆ. ಹುಲಿಗೆಮ್ಮ ಕೇಳಲೂ ಇಲ್ಲ.

ಹೀಗಿರುವಾಗ ಒಂದು ಸಂಜೆ ಹುಲಿಗೆಮ್ಮ ಭಾಗ್ಯನಗರದ ಬಸ್ಸು ಹತ್ತಿ ಎಂದಿನ ಹಾಗೆ ಕಿಟಕಿಯ ಪಕ್ಕ ಕೂತಳು. ಬಸ್ಸು ತುಂಬಿತ್ತು. ಪಕ್ಕದ ಸೀಟು ಖಾಲಿ ಇತ್ತು. ಅದು ಯಾವತ್ತೂ ಖಾಲಿಯೇ. ತಿಳಿಗಣ್ಣು ಹಾಕಿದ ಅಷ್ಟು ಮುಖಗಳು ಅಲ್ಲಿ ಇಲ್ಲಿ ನೋಡುತ್ತ ನೆಮ್ಮದಿಯಾಗಿದ್ದವು. ಅವರ ನಡುವೆ ನೋಡುವ ಕಣ್ಣು ತನ್ನದೊಂದೇ, ನೋಡಿಸಿಕೊಳ್ಳದ ಮುಖವೂ ತನ್ನದೊಂದೇ ಎಂದು ಅವಳಿಗೆ ಅನ್ನಿಸಿತು. ಮಧ್ಯಾಹ್ನ ಸಿಕ್ಕ ಆ ಸ್ವಲ್ಪ ಹೊತ್ತಿನ ಸ್ನೇಹ ಸಂಜೆಯ ಒಂಟಿತನವನ್ನು ಇನ್ನಷ್ಟು ದೊಡ್ಡದು ಮಾಡುತ್ತಿತ್ತು.

"ಅಕ್ಕಾರ, ಇವತ್ತ ಬಸ್ಸು ಲೇಟ್ ಆತಲ್ರಿ?"

ಧ್ವನಿ ಬಸ್ಸಿನ ನಡುದಾರಿಯ ಆಚೆ ಬದಿಯ ಸೀಟಿನಿಂದ ಬಂದಿತ್ತು. ಅವಳು ತಿರುಗಿದಳು. ಅಲ್ಲಿ ಒಬ್ಬ ಗಂಡಸು ಕೂತಿದ್ದ. ಅವನ ಮುಖದ ತುಂಬ, ಕುತ್ತಿಗೆಯ ತುಂಬ ದ್ರಾಕ್ಷಿಗೊನೆಯಂತೆ ಗಂಟುಗಳು ಜೋತುಬಿದ್ದಿದ್ದವು. ಒಂದು ರೆಪ್ಪೆಯನ್ನು ಗಂಟೊಂದು ಪೂರ್ತಿ ಮುಚ್ಚಿತ್ತು. ಆ ಗಂಟುಗಳ ಮೇಲೆ ಕನ್ನಡಕ ಕೂರುವಂತಿರಲಿಲ್ಲ. ಹುಲಿಗೆಮ್ಮಳ ಎದೆ ಒಂದು ಗಳಿಗೆ ನಿಂತ ಹಾಗಾಯಿತು. ಅಂಗೈ ಒದ್ದೆಯಾಯಿತು. ಅವಳು ಯೋಚಿಸುವ ಮೊದಲೇ ನೋಟ ಜಾರಿ ಕಿಟಕಿಯ ಹೊರಗಿನ ಅಂಗಡಿಗಳ ಮೇಲೆ ಹೋಗಿ ಕೂತಿತು.

"ನಿಮಗ... ನನ್ನ ಗುರ್ತು ಐತೇನ್ರಿ?" ಎಂದಳು, ಕಿಟಕಿಗೆ.

"ರಕ್ತಾ ತಗಿಯೋ ಅಕ್ಕಾರಲ್ರಿ ನೀವು. ಇದೇ ಬಸ್ಸಿಗೆ ಬರ್ತೀರಿ, ಅದೇ ಸೀಟಿಗೆ ಕೂಡ್ತೀರಿ. ನಾನೂ ಇಲ್ಲೇ ಕೂಡ್ತೀನಿ. ವಿಗ್ ಮಾಡೋ ಕೂದ್ಲದ ಫ್ಯಾಕ್ಟರ್ಯಾಗ ಕೆಲಸಾ ನಂದು. ಭಾಳ ವರ್ಷ ಆತ್ರಿ. ಕನ್ನಡಕಾ ಬರೂದಕ್ಕ ಮೊದಲಿಂದೂ ನಿಮ್ಮನ್ನ ದಿನಾ ನೋಡ್ತೀನಿ."

ಬಸ್ಸು ರೈಲ್ವೆ ಗೇಟಿನಲ್ಲಿ ನಿಂತಿತು. ಹುಲಿಗೆಮ್ಮ ಕಿಟಕಿಯ ಕಂಬಿ ಹಿಡಿದು ಹಾಗೆಯೇ ಕೂತಿದ್ದಳು. ಇಷ್ಟು ವರ್ಷ ಇದೇ ಬಸ್ಸಿನಲ್ಲಿ ಒಬ್ಬ ಮನುಷ್ಯ ತನ್ನನ್ನು ನೋಡುತ್ತಿದ್ದ. ಅವನನ್ನು ಕಂಡ ನೆನಪು ಅವಳಿಗೆ ಒಂದು ದಿನದ್ದೂ ಇರಲಿಲ್ಲ. ಅವಳ ಕಣ್ಣ ಮೇಲೆ ಯಾವ ಗಾಜೂ ಇರಲಿಲ್ಲ, ಯಾವ ಕಂಪನಿಯೂ ಅವಳಿಗೆ ಏನನ್ನೂ ಮರೆಮಾಡಿರಲಿಲ್ಲ.

ಅವಳು ಕಂಬಿ ಬಿಟ್ಟು ತಿರುಗಿ ಕೂತಳು. ಕಣ್ಣು ಜಾರಲು ನೋಡಿತು. ಜಾರಿದ್ದನ್ನು ಮರಳಿ ತಂದಳು. ಅವನು ಅವಸರ ಮಾಡಲಿಲ್ಲ; ಕಾಯುವುದು ಅವನಿಗೂ ಗೊತ್ತಿದ್ದ ಹಾಗೆ ಕಂಡಿತು. ಗೇಟು ತೆರೆದು ಬಸ್ಸು ಹೊರಡುವ ಹೊತ್ತಿಗೆ ಎದೆ ತನ್ನ ಲಯಕ್ಕೆ ಬಂದಿತ್ತು. ಆಗ ಅವಳಿಗೆ, ಮುಚ್ಚಿರದ ಅವನ ಕಣ್ಣು ಸ್ವಲ್ಪ ನಗುತ್ತಿರುವುದು ಕಾಣಿಸಿತು.

"ನಿಮ್ಮ ಹೆಸರೇನ್ರಿ?" ಎಂದಳು.

"ಯಮನೂರಪ್ಪ ಅಂತ್ರಿ."

"ಇಲ್ಲಿ ಜಾಗ ಐತಿ, ಈ ಕಡೆ ಬರ್ರಿ" ಎಂದು ಹುಲಿಗೆಮ್ಮ ಪಕ್ಕದ ಸೀಟಿನ ಮೇಲಿದ್ದ ತನ್ನ ಚೀಲವನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.